ಮಲೆನಾಡಿನ ಮನೆಗೊಂದು ಮಿತಬೆಲೆಯ ಡಿಜಿಟಲ್ ಕ್ಯಾಮೆರಾ: ಕೊಳ್ಳುವ ಮುನ್ನ ನೋಡಬೇಕಾದದ್ದು

ಶಿವಮೊಗ್ಗದ ನೆಹರೂ ರಸ್ತೆಯಲ್ಲಾಗಲಿ ದುರ್ಗಿಗುಡಿಯಲ್ಲಾಗಲಿ ಅಂಗಡಿಗೆ ಹೋಗಿ ದಿನಬಳಕೆಗೊಂದು ಕ್ಯಾಮೆರಾ ಬೇಕೆಂದರೆ ಮೊದಲು ಕಿವಿಗೆ ಬೀಳುವುದು ಎರಡು ಅಂಕಿಗಳು: ಎಷ್ಟು ಮೆಗಾಪಿಕ್ಸೆಲ್ (ಚಿತ್ರದಲ್ಲಿ ಎಷ್ಟು ಹತ್ತು ಲಕ್ಷ ಚುಕ್ಕೆಗಳಿವೆ ಎಂಬ ಲೆಕ್ಕ), ಎಷ್ಟು ಪಟ್ಟು ಜೂಮ್. ಮಲೆನಾಡಿನಲ್ಲಿ ಕ್ಯಾಮೆರಾ ಬಳಸುವವರು ಇವೆರಡನ್ನೂ ಸ್ವಲ್ಪ ಹಿಂದಕ್ಕೆ ಸರಿಸಿಡುವುದು ಒಳ್ಳೆಯದು. ನಮ್ಮಲ್ಲಿ ಮಳೆಗಾಲವಿಡೀ ಆಕಾಶ ಮುಚ್ಚಿರುತ್ತದೆ, ಬೇಸಿಗೆಯಲ್ಲೂ ಅಡಿಕೆ ತೋಟದೊಳಗೆ ನೆರಳೇ ಹೆಚ್ಚು, ಹಳೆಯ ಹೆಂಚಿನ ಮನೆಗಳ ನಡುಮನೆಯಲ್ಲಿ ಮಧ್ಯಾಹ್ನವೂ ಅರೆಗತ್ತಲು. ಇದರ ಮೇಲೆ ಚಪ್ಪಲಿಯಿಂದ ಹಿಡಿದು ಪುಸ್ತಕದ ತನಕ ಎಲ್ಲದಕ್ಕೂ ಬೂಷ್ಟು ಹಿಡಿಸುವ ತೇವ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ ಎಂಬುದನ್ನು ನೆನೆದರೆ ಸಾಕು, ಬಿಸಿಲೂರಿನವರಿಗಾಗಿ ಬರೆದ ಸಲಹೆಗಳು ನಮಗೆ ಏಕೆ ಪೂರ್ತಿ ಹೊಂದುವುದಿಲ್ಲವೆಂಬುದು ತಿಳಿಯುತ್ತದೆ. ಕಡಿಮೆ ಬೆಳಕಿನಲ್ಲಿ ಈ ಕ್ಯಾಮೆರಾ ಏನು ಮಾಡುತ್ತದೆ, ತೇವದಿಂದ ಇದನ್ನು ನಾನು ಹೇಗೆ ಕಾಯುತ್ತೇನೆ ಎಂಬ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡೇ ಇಲ್ಲಿನವರು ಆಯ್ಕೆಗೆ ಇಳಿಯಬೇಕು.

ಅದಕ್ಕೂ ಮೊದಲು ಒಂದು ಮಾತು. ಹಗಲಿನಲ್ಲಿ ತೆಗೆದ ಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ನೆಂಟರಿಗೆ ಕಳುಹಿಸುವುದಷ್ಟೇ ನಿಮ್ಮ ಬಳಕೆಯಾದರೆ ಬೇರೆ ಕ್ಯಾಮೆರಾ ಕೊಳ್ಳುವ ಅಗತ್ಯವಿಲ್ಲ. ಕೈಯಲ್ಲಿರುವ ಮೊಬೈಲೇ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ, ಹೇಗೂ ಕಳುಹಿಸುವಾಗ ಆ ಆ್ಯಪ್ ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಓಡಾಡುವ ಮಕ್ಕಳು, ದೂರದ ಹಕ್ಕಿ, ದೀಪದ ಬೆಳಕಿನ ದೇವರ ಕಾರ್ಯ, ಅಚ್ಚು ಹಾಕಿಸಿ ಗೋಡೆಗೆ ತೂಗುವಂಥ ಮುಖಚಿತ್ರ, ಇವು ಬೇಕೆನಿಸಿದವರಿಗೆ ಮುಂದಿನ ಮಾತುಗಳು.

ಮೊದಲು ಗಮನಿಸಬೇಕಾದದ್ದು ಸೆನ್ಸರಿನ ಅಳತೆ. ಬೆಳಕನ್ನು ಹಿಡಿಯುವ ಈ ಚಿಪ್ ದೊಡ್ಡದಿದ್ದಷ್ಟೂ, ಕತ್ತಲಿನಲ್ಲಿ ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಕಾಣುವ ಕಾಳು ಕಡಿಮೆಯಾಗುತ್ತದೆ. ಜೇಬಿಗೆ ಹಿಡಿಸುವ ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಾಗಿ ಇರುವುದು 1/2.3 ಇಂಚು ಎಂದು ಕರೆಸಿಕೊಳ್ಳುವ ಸೆನ್ಸರ್. ಅದರ ನಿಜವಾದ ಅಳತೆ ಸುಮಾರು 6.2 ಮತ್ತು 4.6 ಮಿಲಿಮೀಟರ್, ಅಂದರೆ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಒಂದು ಇಂಚಿನದೆಂದು ಹೆಸರಾದ ಸೆನ್ಸರ್ 13.2 ಮತ್ತು 8.8 ಮಿಲಿಮೀಟರ್ ಇದ್ದು, ವಿಸ್ತೀರ್ಣದಲ್ಲಿ ಮೊದಲಿನದರ ನಾಲ್ಕು ಪಟ್ಟಾಗುತ್ತದೆ. ಲೆನ್ಸ್ ಬದಲಾಯಿಸಬಹುದಾದ ಸಾಮಾನ್ಯ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ ಸುಮಾರು 23.5 ಮತ್ತು 15.6 ಮಿಲಿಮೀಟರ್, ಇದು ಒಂದು ಇಂಚಿನದಕ್ಕಿಂತಲೂ ಮೂರು ಪಟ್ಟು ದೊಡ್ಡದು. ಡಬ್ಬಿಯ ಮೇಲೆ ಈ ಅಳತೆಯನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ, ಕೆಲವೊಮ್ಮೆ ಮುದ್ರಿಸಿರುವುದೇ ಇಲ್ಲ. ಕೇಳಿ ತಿಳಿದುಕೊಳ್ಳಬೇಕು.

ಎರಡನೆಯದು ಲೆನ್ಸ್ ಎಷ್ಟು ಬೆಳಕು ಬಿಡುತ್ತದೆ ಎಂಬುದು. ಲೆನ್ಸಿನ ಅಂಚಿನಲ್ಲಿ 1:1.8, 1:3.5-5.6 ಎಂಬಂತೆ ಬರೆದಿರುವ ಅಂಕಿಯೇ ಇದರ ಗುರುತು. ಇದನ್ನೇ ಎಫ್ 1.8, ಎಫ್ 3.5 ಎಂದೂ ಹೇಳುತ್ತಾರೆ. ಅಂಕಿ ಚಿಕ್ಕದಾದಷ್ಟೂ ಬೆಳಕಿನ ಕಿಂಡಿ ದೊಡ್ಡದು. ಇದರ ಪರಿಣಾಮವನ್ನು ನಾನು ಸರಿಯಾಗಿ ಅರಿತದ್ದು ಅಡಿಕೆ ಸುಲಿಯುವ ಹೊತ್ತಿನಲ್ಲಿ. ಸಂಜೆ ಏಳರ ನಂತರ ಜಗಲಿಯಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿತ್ತು. ಮೆಟ್ಟುಗತ್ತಿಯ ಮುಂದೆ ಕುಳಿತವರ ಕೈಗಳು ಮಾತಿನ ನಡುವೆಯೂ ನಿಲ್ಲದೆ ಓಡುತ್ತಿದ್ದವು. ಕ್ಯಾಮೆರಾದೊಂದಿಗೇ ಬಂದಿದ್ದ ಎಫ್ 3.5ರ ಲೆನ್ಸಿನಲ್ಲಿ ಶಟರ್ ವೇಗ, ಅಂದರೆ ಸೆನ್ಸರಿನ ಮೇಲೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ ಹದಿನೈದನೆಯ ಒಂದು ಭಾಗಕ್ಕೆ ಇಳಿದು ಮುಖಗಳು ಹೇಗೋ ಮೂಡಿದವು, ಕೈಗಳಿದ್ದ ಜಾಗದಲ್ಲಿ ಬರೀ ಬಿಳಿ ಮಬ್ಬು. ಎಫ್ 1.8ರ ಲೆನ್ಸ್ ಹಾಕಿದಾಗ ಅದೇ ಬೆಳಕಿನಲ್ಲಿ ಅರವತ್ತನೆಯ ಒಂದು ಭಾಗದ ವೇಗ ಸಿಕ್ಕಿತು, ಏಕೆಂದರೆ ಅದು ಸುಮಾರು ನಾಲ್ಕು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಬೆರಳು, ಕತ್ತಿಯ ಅಲಗು, ಎರಡಾಗಿ ಬಿಚ್ಚಿದ ಸಿಪ್ಪೆ ಎಲ್ಲವೂ ಬೇರೆ ಬೇರೆಯಾಗಿ ಕಂಡವು. ಫ್ಲಾಶ್ ಹಾಕಿದ್ದರೂ ಕೈ ನಿಲ್ಲುತ್ತಿತ್ತು ಎನ್ನಬಹುದು, ಆದರೆ ಜಗಲಿಯ ಸಂಜೆಯೇ ಚಿತ್ರದಿಂದ ಹೊರಟುಹೋಗುತ್ತಿತ್ತು.

ಮೆಗಾಪಿಕ್ಸೆಲ್ ವಿಚಾರವನ್ನು ಬೇಗ ಮುಗಿಸಬಹುದು. ಆಲ್ಬಮ್ಮಿನಲ್ಲಿಡುವ 6 ಮತ್ತು 4 ಇಂಚಿನ ಪ್ರತಿಯನ್ನು ಇಂಚಿಗೆ 300 ಚುಕ್ಕೆಗಳಂತೆ ಅಚ್ಚು ಹಾಕಲು ಬೇಕಾದದ್ದು 2.2 ಮೆಗಾಪಿಕ್ಸೆಲಿನಷ್ಟು, ಎ4 ಹಾಳೆಯ ಅಳತೆಗೆ ಒಂಬತ್ತರ ಒಳಗೆ. ಈಗ ಮಾರುಕಟ್ಟೆಯಲ್ಲಿರುವ ಕ್ಯಾಮೆರಾಗಳೆಲ್ಲ ಈ ಗೆರೆಯನ್ನು ಎಂದೋ ದಾಟಿವೆ.

ಜೂಮ್ ಸ್ವಲ್ಪ ಹೆಚ್ಚು ವಿವರಣೆ ಬೇಡುತ್ತದೆ. ಡಿಜಿಟಲ್ ಜೂಮ್ ಎಂಬುದನ್ನು ಲೆಕ್ಕಕ್ಕೇ ಹಿಡಿಯಬಾರದು. ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವ ಕೆಲಸವಷ್ಟೇ. ಆಪ್ಟಿಕಲ್ ಜೂಮ್ ನಿಜವಾದದ್ದು, ಆದರೆ ಅದಕ್ಕೂ ಬೆಲೆಯಿದೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಮಂಡಗದ್ದೆಯ ಪಕ್ಷಿಧಾಮಕ್ಕೆ ಕ್ಯಾಮೆರಾ ಒಯ್ದು ನೋಡಿದರೆ ಈ ಮಾತು ತಾನೇ ಮನವರಿಕೆಯಾಗುತ್ತದೆ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದ ತಿಂಗಳುಗಳಲ್ಲಿ, ಅಂದರೆ ಬೆಳಕು ಅತಿ ಕಡಿಮೆ ಇರುವಾಗ. ನಾವು ನಿಲ್ಲುವುದು ದಡದಲ್ಲಿ. ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್740 ಎಚ್‌ಎಸ್‌ನಂಥ ಕ್ಯಾಮೆರಾ ಜೇಬಿನಷ್ಟೇ ಜಾಗದಲ್ಲಿ 40 ಪಟ್ಟು ಜೂಮ್ ಕೊಡುತ್ತದೆ, ಗೂಡಿನೊಳಗಿನ ಮರಿಯ ಕೊಕ್ಕನ್ನೂ ತೋರಿಸುತ್ತದೆ. ಆದರೆ ಪೂರ್ತಿ ಜೂಮ್ ಮಾಡಿದಾಗ ಅದರ ಕಿಂಡಿ ಎಫ್ 6.9ಕ್ಕೆ ಕಿರಿದಾಗುತ್ತದೆ, ಸೆನ್ಸರೂ ಚಿಕ್ಕದು. ಹಾಗಾಗಿ ಮೋಡದ ದಿನ ತೆಗೆದ ಹಕ್ಕಿ ನೀರಿನಲ್ಲಿ ನೆನೆದ ಬಣ್ಣದ ಚಿತ್ರದಂತೆ ಕಲಸಿಹೋಗಿರುತ್ತದೆ. ಹಕ್ಕಿಯನ್ನು ಗುರುತಿಸುವುದಕ್ಕೆ ಇಷ್ಟು ಸಾಕು, ಗೋಡೆಗೆ ತೂಗುವುದಕ್ಕೆ ಸಾಲದು. ನಿಮಗೆ ಯಾವುದು ಬೇಕೆಂಬುದನ್ನು ನೀವೇ ತೀರ್ಮಾನಿಸಬೇಕು.

ಇಷ್ಟು ತಿಳಿದ ಮೇಲೆ ಮಿತವಾದ ಹಣದಲ್ಲಿ ಯಾವ ಬಗೆಯದನ್ನು ಆರಿಸಬೇಕು? ಹೆಗಲಿಗೆ ಚೀಲ ಹಾಕಿಕೊಳ್ಳಲು ಬೇಸರವಿಲ್ಲದವರಿಗೆ ನನ್ನ ಮೊದಲ ಸಲಹೆ, ಬಳಸಿದ ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್, ಅಂದರೆ ಲೆನ್ಸ್ ಬದಲಾಯಿಸಬಹುದಾದ, ಒಳಗೆ ಕನ್ನಡಿಯಿರುವ ಕ್ಯಾಮೆರಾ. ಕನ್ನಡಿರಹಿತ ಕ್ಯಾಮೆರಾಗಳು ಬಂದ ಮೇಲೆ ಕಂಪನಿಗಳು ಈ ಹಳೆಯ ಬಗೆಯಿಂದ ಕೈ ತೆಗೆಯುತ್ತಿವೆ, ಅದರಿಂದ ಬಳಸಿದವುಗಳ ಬೆಲೆ ಇಳಿದಿದೆ, ಚಿತ್ರದ ಗುಣ ಮಾತ್ರ ಇಳಿದಿಲ್ಲ. 2018ರಲ್ಲಿ ಬಂದ ನಿಕಾನ್ ಡಿ3500 ಬ್ಯಾಟರಿಯೂ ಸೇರಿ 415 ಗ್ರಾಂ ತೂಗುತ್ತದೆ, ಕಂಪನಿಯ ಲೆಕ್ಕದಲ್ಲಿ ಒಮ್ಮೆ ಚಾರ್ಜ್ ಮಾಡಿದರೆ 1,550 ಚಿತ್ರಗಳನ್ನು ತೆಗೆಯುತ್ತದೆ. ಗಾಳಿ ಮಳೆಗೆ ತಂತಿ ಹರಿದು ಎರಡು ಮೂರು ದಿನ ಕರೆಂಟಿಲ್ಲದ ಊರಿನವರಿಗೆ ಈ ಅಂಕಿಯ ಬೆಲೆ ಗೊತ್ತು. 2016ರ ಕ್ಯಾನನ್ 1300ಡಿ ಅದಕ್ಕಿಂತ ಹಳೆಯದಾದರೂ ವೈಫೈ ಮೂಲಕ ಚಿತ್ರವನ್ನು ಮೊಬೈಲಿಗೆ ಕಳುಹಿಸಬಲ್ಲದು. ಇವುಗಳಿಗೆ ಜೊತೆಯಾಗಿ ಎಫ್ 1.8ರ ಒಂದು ಲೆನ್ಸ್ ಕೊಂಡರೆ, ನಿಕಾನ್‌ನಲ್ಲಿ 35 ಮಿಲಿಮೀಟರಿನದು, ಕ್ಯಾನನ್‌ನಲ್ಲಿ 50ರದು, ಮನೆಯೊಳಗಿನ ಚಿತ್ರಗಳ ಚಿಂತೆ ಬಹುಮಟ್ಟಿಗೆ ತೀರುತ್ತದೆ. ಈ ಮಿಲಿಮೀಟರ್ ಅಂಕಿ ದೊಡ್ಡದಾದಷ್ಟೂ ಚಿತ್ರದೊಳಗೆ ಹಿಡಿಸುವ ನೋಟ ಕಿರಿದು, ಹಾಗಾಗಿ ಕ್ಯಾನನ್‌ನ 50 ಮಿಲಿಮೀಟರ್ ಚಿಕ್ಕ ಕೋಣೆಯಲ್ಲಿ ಗೋಡೆಗೆ ಬೆನ್ನು ತಾಗುವವರೆಗೂ ಹಿಂದೆ ಸರಿಯುವಂತೆ ಮಾಡುತ್ತದೆ ಎಂಬುದು ತಿಳಿದಿರಲಿ.

ಚೀಲ ಹೊರಲಾರೆ, ಜೇಬಿನಲ್ಲೇ ಇರಬೇಕು ಎನ್ನುವವರು ಒಂದು ಇಂಚಿನ ಸೆನ್ಸರಿನ ಕಡೆಗೆ ನೋಡಬೇಕು. 2012ರಲ್ಲಿ ಬಂದ ಸೋನಿ ಆರ್‌ಎಕ್ಸ್100ರ ಮೊದಲ ಮಾದರಿ 240 ಗ್ರಾಂ ಮಾತ್ರ ತೂಗುತ್ತದೆ, ಜೂಮ್ ಮಾಡದಿರುವಾಗ ಎಫ್ 1.8ರಷ್ಟು ಬೆಳಕು ಬಿಡುತ್ತದೆ. ಬಳಸಿದ್ದು ಸುಸ್ಥಿತಿಯಲ್ಲಿ ಸಿಕ್ಕರೆ ಈಗಲೂ ಕೊಳ್ಳಬಹುದು. ತೋಟ, ಗದ್ದೆ, ಹೊಳೆಗಳಲ್ಲೇ ದಿನ ಕಳೆಯುವವರಿಗೆ ಒಲಿಂಪಸ್ ಟಫ್ ಟಿಜಿ-6ರಂಥ, 15 ಮೀಟರ್ ಆಳದ ನೀರನ್ನೂ ತಡೆಯುವ ಕ್ಯಾಮೆರಾಗಳಿವೆ. ಅವುಗಳ ಸೆನ್ಸರ್ ಚಿಕ್ಕದು, ಆದರೆ ಜಡಿಮಳೆಯಲ್ಲಿ, ಕಾಲಿಗೆ ಇಂಬಳ (ಜಿಗಣೆ) ಹತ್ತುತ್ತಿರುವಾಗ, ಲೆನ್ಸಿಗೆ ಕೊಡೆ ಹಿಡಿಯುವ ಇನ್ನೊಬ್ಬರನ್ನು ಹುಡುಕುವ ಕಷ್ಟವಿಲ್ಲ.

ಬಳಸಿದ್ದನ್ನು ಕೊಳ್ಳುವವರು ಅವಸರಪಡಬಾರದು. ಒಂದು ಮೆಮೊರಿ ಕಾರ್ಡ್ ಮತ್ತು ಒಂದು ಚಿಕ್ಕ ಟಾರ್ಚನ್ನು ಜೊತೆಗೆ ಒಯ್ಯಬೇಕು. ಲೆನ್ಸನ್ನು ಬಿಚ್ಚಿ, ಹಿಂಬದಿಯಿಂದ ಟಾರ್ಚಿನ ಬೆಳಕು ಬಿಟ್ಟು, ಮುಂಬದಿಯಿಂದ ಓರೆಯಾಗಿ ನೋಡಬೇಕು. ಒಂದೆರಡು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಗಾಜಿನ ಅಂಚಿನಿಂದ ಒಳಕ್ಕೆ ಜೇಡರ ಬಲೆಯ ಎಳೆಗಳಂತೆ ಕವಲೊಡೆದ ಬಿಳಿ ಗೆರೆಗಳು ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಅಂಥ ಲೆನ್ಸ್ ಬೇಡ. ನಮ್ಮ ಕಡೆಯ ಮನೆಗಳಲ್ಲಿದ್ದ ಲೆನ್ಸುಗಳಲ್ಲಿ ಇದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಆಮೇಲೆ ಕಿಂಡಿಯನ್ನು ಎಫ್ 16ಕ್ಕೆ ಕಿರಿದುಗೊಳಿಸಿ ಸುಣ್ಣದ ಗೋಡೆಯದೋ ಆಕಾಶದ್ದೋ ಒಂದು ಚಿತ್ರ ತೆಗೆದರೆ, ಸೆನ್ಸರಿನ ಮೇಲೆ ಕೂತ ಧೂಳು ಕಪ್ಪು ಚುಕ್ಕೆಗಳಾಗಿ ಕಾಣಿಸುತ್ತದೆ. ಒಂದು ದಿನಪತ್ರಿಕೆಯನ್ನು ಗೋಡೆಗೆ ಅಂಟಿಸಿ ನೇರವಾಗಿ ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ನಾಲ್ಕು ಮೂಲೆಗಳ ಅಕ್ಷರವೂ ಹೆಚ್ಚುಕಡಿಮೆ ಒಂದೇ ಸಮನೆ ಓದಲು ಬರಬೇಕು. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಆ ಲೆನ್ಸ್ ಎಲ್ಲೋ ಬಿದ್ದು ಎದ್ದಿರುವ ಸಾಧ್ಯತೆ ಹೆಚ್ಚು. ಶಟರ್ ಎಷ್ಟು ಬಾರಿ ಓಡಿದೆ ಎಂಬ ಲೆಕ್ಕವನ್ನು ಅನೇಕ ಕ್ಯಾಮೆರಾಗಳು ಚಿತ್ರದ ಕಡತದೊಳಗೇ ಬರೆದಿಡುತ್ತವೆ, ಕಂಪ್ಯೂಟರಿನಲ್ಲಿ ಓದಿಕೊಳ್ಳಬಹುದು. ಮದುವೆ ಮನೆಗಳಲ್ಲಿ ದುಡಿದ ಕ್ಯಾಮೆರಾ ಹೊರಗೆ ಹೊಸದರಂತೆ ಹೊಳೆಯುತ್ತಿದ್ದರೂ ಈ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ.

ಹೊಸದನ್ನು ಕೊಳ್ಳುವವರು ಜಿಎಸ್‌ಟಿ ನಮೂದಿಸಿದ ಬಿಲ್ಲನ್ನೂ, ಭಾರತದಲ್ಲಿ ನಡೆಯುವ ವಾರಂಟಿಯ ಕಾಗದವನ್ನೂ ಕೇಳಿ ಪಡೆಯಬೇಕು. ಬಿಲ್ಲಿಲ್ಲದೆ ಎರಡು ಸಾವಿರ ಕಡಿಮೆ ಎಂಬ ಮಾತಿಗೆ ಒಪ್ಪಿದರೆ, ಕೆಟ್ಟ ದಿನ ಕೇಳುವವರಿರುವುದಿಲ್ಲ. ಕೈಯಲ್ಲಿರುವ ಹಣವನ್ನೆಲ್ಲ ಕ್ಯಾಮೆರಾಕ್ಕೇ ಸುರಿಯುವುದೂ ಸರಿಯಲ್ಲ. ನೂರಕ್ಕೆ ಹದಿನೈದರಿಂದ ಇಪ್ಪತ್ತು ರೂಪಾಯಿ ಬದಿಗಿರಬೇಕು. ಅದರಲ್ಲಿ ಇನ್ನೊಂದು ಬ್ಯಾಟರಿ, 32 ಜಿಬಿಯ ಎರಡು ಕಾರ್ಡ್, ಲೆನ್ಸ್ ಒರೆಸುವ ಬಟ್ಟೆ ಬರುತ್ತವೆ. ಒಂದೇ ದೊಡ್ಡ ಕಾರ್ಡಿಗಿಂತ ಎರಡು ಚಿಕ್ಕವು ಮೇಲು, ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ಅರ್ಧ ಪ್ರವಾಸವಾದರೂ ಉಳಿಯುತ್ತದೆ. ಕಾರ್ಡಿನ ಮೇಲೆ ಇಂಗ್ಲಿಷಿನ ಯು ಅಕ್ಷರದ ಒಳಗೆ 3 ಎಂಬ ಗುರುತಿದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ವೇಗದಲ್ಲಿ ಬರೆದುಕೊಳ್ಳುತ್ತದೆ ಎಂದರ್ಥ; ವಿಡಿಯೊ ತೆಗೆಯುವವರು ಈ ಗುರುತನ್ನು ನೋಡಿ ಕೊಳ್ಳಬೇಕು.

ಆ ಉಳಿಸಿದ ಹಣದಲ್ಲಿ ಮೊದಲು ಕೊಳ್ಳಬೇಕಾದದ್ದು ಮಾತ್ರ ಇವು ಯಾವುವೂ ಅಲ್ಲ, ಗಾಳಿಯಾಡದ ಒಂದು ಡಬ್ಬಿ. ನನ್ನ ಮೊದಲ ಕ್ಯಾಮೆರಾವನ್ನು ಅದರ ಚರ್ಮದ ಚೀಲದಲ್ಲಿ ಹಾಕಿ ಜೂನ್ ತಿಂಗಳಲ್ಲಿ ಮರದ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ದೀಪಾವಳಿಗೆ ತೆಗೆದಾಗ ಚೀಲದ ಮೇಲೆ ಹಸಿರು, ಲೆನ್ಸಿನೊಳಗೆ ಬಿಳಿ. ಚರ್ಮವೂ ಬಟ್ಟೆಯೂ ತೇವವನ್ನು ಹೀರಿ ಹಿಡಿದಿಡುತ್ತವೆ ಎಂಬುದು ಆಗ ಹೊಳೆದಿರಲಿಲ್ಲ. ಬೂಷ್ಟು ಗಾಜಿನ ಮೇಲಿನ ಲೇಪವನ್ನೇ ತಿಂದುಬಿಟ್ಟಿರುತ್ತದೆಯಾದ್ದರಿಂದ ಬಿಚ್ಚಿ ಒರೆಸಿಸಿದರೂ ಕಲೆ ಪೂರ್ತಿ ಹೋಗಲಿಲ್ಲ. ವಿಚಿತ್ರವೆಂದರೆ, ಅದೇ ಬೀರುವಿನ ಪಕ್ಕದ ನಾಗಂದಿಗೆಯ ಮೇಲೆ ಬೇಸಿಗೆಯಲ್ಲಿ ಮಾಡಿದ ಹಪ್ಪಳ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಗರಿಗರಿಯಾಗಿಯೇ ಇತ್ತು. ಅಡುಗೆಮನೆಯಲ್ಲಿ ತಲೆತಲಾಂತರದಿಂದ ಗೊತ್ತಿದ್ದ ವಿದ್ಯೆಯನ್ನು ಕ್ಯಾಮೆರಾಕ್ಕೆ ಅನ್ವಯಿಸಲು ನನಗೆ ಒಂದು ಲೆನ್ಸಿನಷ್ಟು ದಂಡ ಬಿತ್ತು.

ಡಬ್ಬಿ ದುಬಾರಿಯದಾಗಬೇಕಿಲ್ಲ. ಮುಚ್ಚಳಕ್ಕೆ ರಬ್ಬರ್ ಪಟ್ಟಿಯಿರುವ, ನಾಲ್ಕೂ ಕಡೆ ಚಿಲಕ ಹಾಕಬಹುದಾದ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ಲಿನ ಹರಳುಗಳು, ಜೊತೆಗೆ ಒಂದು ಚಿಕ್ಕ ತೇವಮಾಪಕ ಇಷ್ಟಿದ್ದರೆ ಸಾಕು. ಮಾಪಕದ ಮುಳ್ಳು ನೂರಕ್ಕೆ 40ರಿಂದ 50ರ ನಡುವೆ ನಿಂತಿರಬೇಕು. 60 ದಾಟಿ ಬಹುಕಾಲ ಇದ್ದರೆ ಬೂಷ್ಟಿಗೆ ಆಹ್ವಾನ ಕೊಟ್ಟಂತೆ. ಡಬ್ಬಿಯೊಳಗೆ ಅಕ್ಕಿ ಹಾಕಿಡುವವರಿದ್ದಾರೆ, ಅದು ಬೇಡ. ಅಕ್ಕಿಯ ಹಿಟ್ಟಿನ ಧೂಳು ಗುಂಡಿಗಳ ಸಂದಿಗೆ ಸೇರುತ್ತದೆ. ಜೋಗದಲ್ಲಿ ಶರಾವತಿಯ ತುಂತುರು ತಾಗಿದ ದಿನ, ಕೊಡಚಾದ್ರಿಯ ಮಂಜಿನಿಂದ ಇಳಿದು ಬಂದ ದಿನ, ಕ್ಯಾಮೆರಾವನ್ನು ನೇರವಾಗಿ ಡಬ್ಬಿಗೆ ಹಾಕಬಾರದು. ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ, ಬ್ಯಾಟರಿ ಮತ್ತು ಕಾರ್ಡನ್ನು ತೆಗೆದು, ಫ್ಯಾನಿನ ಕೆಳಗೆ ಒಂದೆರಡು ತಾಸು ಇಟ್ಟು ಆಮೇಲೆ ಒಳಗಿಡಬೇಕು. ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಚೀಲದಿಂದ ಕ್ಯಾಮೆರಾ ತೆಗೆದರೆ ತಣ್ಣನೆಯ ಗಾಜಿನ ಮೇಲೆ ಹಬೆ ಕಟ್ಟುತ್ತದೆ, ಚೀಲದಲ್ಲೇ ಅರ್ಧ ಗಂಟೆ ಬಿಟ್ಟು ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಬೇಕು.

ಮಳೆಗಾಲದಲ್ಲಿ ಬಳಸದಿದ್ದರೂ ವಾರಕ್ಕೊಮ್ಮೆ ಕ್ಯಾಮೆರಾವನ್ನು ಹೊರತೆಗೆದು, ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನಾಲ್ಕು ಚಿತ್ರ ತೆಗೆದು ಮತ್ತೆ ಒಳಗಿಡುವುದು ಒಳ್ಳೆಯದು. ಹರಳುಗಳ ಬಣ್ಣ ಬದಲಾಗಿದ್ದರೆ ಅವುಗಳನ್ನು ದಪ್ಪ ತಳದ ಬಾಣಲೆಯಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಮೊದಲಿನ ಬಣ್ಣಕ್ಕೆ ತಿರುಗುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಬೇಕು. ಆ ಬಾಣಲೆಯನ್ನು ಮಾತ್ರ ಮತ್ತೆ ಅಡುಗೆಗೆ ಬಳಸಬಾರದು.