ಯುದ್ಧದಲ್ಲಿ ಮಡಿದ ಯುವ ಪೊಲೀಸನನ್ನು ಊರು ಸ್ಮರಿಸುವ ಬಗೆ

ಪೊಲೀಸ್ ಸೇವೆಯಲ್ಲಿದ್ದು, ಯುದ್ಧಕಾಲದಲ್ಲಿ ಸೈನಿಕನಾಗಿ ಹೋಗಿ ಮಡಿದ ಯುವಕನ ಸ್ಮರಣೆಯನ್ನು ಕಾರವಾರದ ಕಡೆ ಏರ್ಪಡಿಸುವವರು ಮೊದಲು ಮನೆಯವರ ಒಪ್ಪಿಗೆ ಪಡೆದು, ಅವನ ಹೆಸರು, ಪಡೆ, ಮಡಿದ ದಿನಗಳನ್ನು ದಾಖಲೆಗಳೊಂದಿಗೆ ತಾಳೆ ನೋಡಬೇಕು. ಎರಡನೆಯ ಮಹಾಯುದ್ಧದವನಾಗಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಬಹುದು. ನಮ್ಮ ಹೆಸರುಗಳ ಕಾಗುಣಿತ ರೋಮನ್ ಲಿಪಿಯಲ್ಲಿ ಬದಲಾಗಿರುವುದುಂಟು, ಆದ್ದರಿಂದ ಒಂದೇ ಯತ್ನಕ್ಕೆ ಕೈಬಿಡಬಾರದು.

ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನವು 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಮಡಿದ 10 ಪೊಲೀಸರ ನೆನಪಿನದು. ಅಂದು ಇವನನ್ನೂ ನೆನೆಯಬಹುದಾದರೂ, ಇವನು ಮಡಿದ ದಿನವೇ ಹೆಚ್ಚು ಸೂಕ್ತವೆಂಬುದು ನನ್ನ ಭಾವನೆ, ಏಕೆಂದರೆ ಮನೆಯವರ ಪಾಲಿಗೆ ಮರೆಯಲಾಗದ ದಿನ ಅದೇ.

ಫಲಕದಲ್ಲಿ ಠಾಣೆ, ಸೇನಾ ಘಟಕ ಎರಡನ್ನೂ ಬರೆಯಿಸಿರಿ. ಭಾಷಣಗಳನ್ನು ಮೊಟಕುಗೊಳಿಸಿ, ಅವನ ಪತ್ರವೇನಾದರೂ ಉಳಿದಿದ್ದರೆ ಅದನ್ನು ಮನೆಯವರೊಬ್ಬರಿಂದ ಓದಿಸಿ, ಎರಡು ನಿಮಿಷ ಮೌನವಾಗಿ ನಿಂತು, ಅಬ್ಬಲಿಗೆಯ ಮಾಲೆಯನ್ನು ಅವರ ಕೈಯಿಂದಲೇ ಅರ್ಪಣೆ ಮಾಡಿಸಿರಿ.