ದಖನ್ ಬಸಾಲ್ಟಿನ ಮ್ಯಾಂಟಲ್ ಮೂಲವನ್ನು ಐಸೊಟೋಪುಗಳಿಂದ ಪತ್ತೆಹಚ್ಚುವ ಬಗೆ

ಬೆಳಗಾವಿ, ವಿಜಯಪುರ, ಕಲಬುರಗಿಯ ಕಡೆ ಹಾಸಿಕೊಂಡಿರುವ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ದಖನ್ ಲಾವಾ, ಅಂದರೆ ಬಸಾಲ್ಟ್. ಮ್ಯಾಂಟಲ್‌ನ (ಭೂಚಿಪ್ಪಿನ ಕೆಳಗಿನ ದಪ್ಪ ಶಿಲಾಪದರ) ಯಾವ ಬಗೆಯ ಭಾಗ ಕರಗಿ ಅದು ಹುಟ್ಟಿತು ಎಂಬುದನ್ನು ತಿಳಿಯಲು ಐಸೊಟೋಪುಗಳೇ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಬೇಕಾಗುತ್ತವೆ. ಏಕೆಂದರೆ ಶಿಲೆ ಕರಗುವಾಗ ಮತ್ತು ಹರಳುಗಟ್ಟುವಾಗ ಧಾತುಗಳ ಪ್ರಮಾಣ ಏರುಪೇರಾದರೂ ಸ್ಟ್ರಾನ್ಷಿಯಂ, ನಿಯೋಡಿಮಿಯಂ, ಸೀಸದಂಥ ಭಾರವಾದ ಧಾತುಗಳ ಐಸೊಟೋಪ್ ಅನುಪಾತ ಮೂಲದಲ್ಲಿದ್ದಂತೆಯೇ ಉಳಿಯುತ್ತದೆ.

ಹೆಚ್ಚಿನ ತಪ್ಪುಗಳು ಯಂತ್ರದಲ್ಲಲ್ಲ, ಕಲ್ಲು ಆರಿಸುವಾಗಲೇ ಆಗುತ್ತವೆ. ಲಾವಾ ಹಾಸಿನ ಮೇಲ್ಭಾಗದ ರಂಧ್ರಗಳಲ್ಲಿ ಬಿಳಿಯ ಜಿಯೊಲೈಟ್, ಕ್ಯಾಲ್ಸೈಟ್ ಖನಿಜಗಳು ತುಂಬಿರುತ್ತವೆ. ಅವು ನಂತರ ಇಳಿದ ನೀರಿನ ಗುರುತೇ ಹೊರತು ಮ್ಯಾಂಟಲ್‌ನದಲ್ಲ. ಆದ್ದರಿಂದ ಹಾಸಿನ ನಡುವಿನ, ಒಡೆದಾಗ ಒಳಗೆ ಕಪ್ಪಗೆ ಗಟ್ಟಿಯಾಗಿ ಕಾಣುವ ತುಂಡನ್ನೇ ಆರಿಸಿ, ಚೂರು ಮಾಡಿ, ಸೂಕ್ಷ್ಮದರ್ಶಕದಡಿ ಶುದ್ಧ ಚೂರುಗಳನ್ನು ಹೆಕ್ಕಿ, ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯಬೇಕು. ಬಳಿಕ ಟೆಫ್ಲಾನ್ ಪಾತ್ರೆಯಲ್ಲಿ ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳಿಂದ ಕರಗಿಸಿ, ರಾಳದ ಕಂಬದಲ್ಲಿ ಧಾತುಗಳನ್ನು ಬೇರ್ಪಡಿಸಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯುವುದು ರೂಢಿ. ಎನ್‌ಬಿಎಸ್ 987 ಎಂಬ, ಸ್ಟ್ರಾನ್ಷಿಯಂ 87/86 ಅನುಪಾತ ಮೊದಲೇ ಗೊತ್ತಿರುವ ಮಾನಕ ವಸ್ತುವಿನ ಅಳತೆ 0.71025ರ ಹತ್ತಿರ ಬಾರದಿದ್ದರೆ ಆ ದಿನದ ಅಳತೆಗಳನ್ನು ನಂಬಬಾರದು.

ಕಲ್ಲಿನೊಳಗಿನ ರುಬಿಡಿಯಂ-87 ಕಾಲಕ್ರಮೇಣ ಕ್ಷಯಿಸಿ ಸ್ಟ್ರಾನ್ಷಿಯಂ-87 ಆಗುವುದರಿಂದ, ಆ ಹೆಚ್ಚಳವನ್ನು ಕಳೆಯುವ ವಯಸ್ಸಿನ ತಿದ್ದುಪಡಿಯನ್ನು ಮರೆಯುವಂತಿಲ್ಲ. ರುಬಿಡಿಯಂ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಭಾಗ), ಸ್ಟ್ರಾನ್ಷಿಯಂ 200 ಪಿಪಿಎಂ ಇರುವ ಕಲ್ಲಿನಲ್ಲಿ 6.6 ಕೋಟಿ ವರ್ಷಗಳಲ್ಲಿ ಸ್ಟ್ರಾನ್ಷಿಯಂ 87/86 ಅನುಪಾತ ಸುಮಾರು 0.00013ರಷ್ಟು ಏರಿರುತ್ತದೆ. ಐದನೆಯ ದಶಾಂಶದವರೆಗೆ ಅಳೆಯುವವರಿಗೆ ಇದು ಚಿಕ್ಕ ಸಂಖ್ಯೆಯಲ್ಲ.

ಇನ್ನು ಅರ್ಥೈಸುವ ಕೆಲಸ. ಪಶ್ಚಿಮ ಘಟ್ಟದ ಅಂಬೇನಳಿ ಸ್ತರದ ಲಾವಾಗಳಲ್ಲಿ ಈ ಅನುಪಾತ 0.704ರ ಆಸುಪಾಸಿನಲ್ಲಿದ್ದು, ನಿಯೋಡಿಮಿಯಂನ ಎಪ್ಸಿಲಾನ್ ಮೌಲ್ಯ (ಅದರ 143/144 ಅನುಪಾತ ಉಲ್ಕಾಶಿಲೆಗಳ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬ ಅಳತೆ) ಧನಾತ್ಮಕವಾಗಿದೆ. ಬುಶೆ ಸ್ತರದಲ್ಲಿ ಅನುಪಾತ 0.713ನ್ನೂ ಮೀರುತ್ತದೆ, ಎಪ್ಸಿಲಾನ್ ಋಣಾತ್ಮಕ. ಬುಶೆಯ ಅಂಕಿಗಳನ್ನು ನೋಡಿ ವಿಚಿತ್ರ ಮ್ಯಾಂಟಲ್ ಒಂದನ್ನು ಕಲ್ಪಿಸಿಕೊಳ್ಳುವುದು ಆತುರವಾದೀತು, ಏಕೆಂದರೆ ಸಿಲಿಕಾ, ಬೇರಿಯಂ, ರುಬಿಡಿಯಂ ಕೂಡ ಅಲ್ಲಿ ಹೆಚ್ಚಿದ್ದು, ಶಿಲಾಪಾಕ ಏರುವ ದಾರಿಯಲ್ಲಿ ಹಳೆಯ ಭೂಚಿಪ್ಪನ್ನು ಕರಗಿಸಿಕೊಂಡದ್ದನ್ನು ಅವು ಸೂಚಿಸುತ್ತವೆ. ಮ್ಯಾಂಟಲ್ ಬಗ್ಗೆ ಮಾತನಾಡಲು ಅಂಬೇನಳಿಯಂಥ ಕಲೆಬೆರಕೆ ಕಡಿಮೆಯಿರುವ ಕಲ್ಲುಗಳನ್ನೇ ಮುಂದಿಟ್ಟುಕೊಂಡು, ಸಾಗರ ಮಧ್ಯದ ದಿಣ್ಣೆಗಳ ಮತ್ತು ದಖನ್ ಲಾವಾವನ್ನು ಹೊರಹಾಕಿತೆನ್ನಲಾದ ಮ್ಯಾಂಟಲ್ ಬಿಸಿತಾಣದ ಮೇಲೆ ಈಗಿರುವ ರಿಯೂನಿಯನ್ ದ್ವೀಪದ ಬಸಾಲ್ಟುಗಳ ಜೊತೆ ಒಂದೇ ನಕ್ಷೆಯಲ್ಲಿ ಗುರುತಿಸಬೇಕು. ಸ್ಟ್ರಾನ್ಷಿಯಂ ಒಂದನ್ನೇ ನೆಚ್ಚದೆ ಸೀಸವನ್ನೂ ಅಳೆಯಬೇಕು.

ಸಾಧ್ಯವಾದರೆ ಹೀಲಿಯಂ ಕೂಡ. ದಿಣ್ಣೆಯ ಬಸಾಲ್ಟುಗಳಲ್ಲಿ ಹೀಲಿಯಂ 3/4 ಅನುಪಾತ ವಾಯುಮಂಡಲದ್ದಕ್ಕಿಂತ ಸುಮಾರು 8 ಪಟ್ಟು, ರಿಯೂನಿಯನ್‌ನಲ್ಲಿ ಸುಮಾರು 13 ಪಟ್ಟು. ಆದರೆ ಇದಕ್ಕೆ ತಾಜಾ ಆಲಿವಿನ್ ಹರಳು ಬೇಕು. ಅದನ್ನು ಕರಗಿಸದೆ ನಿರ್ವಾತದಲ್ಲಿ ಜಜ್ಜಿಯೇ ಅನಿಲ ಬಿಡಿಸಬೇಕು. ಕರಗಿಸಿದರೆ ಯುರೇನಿಯಂ, ಥೋರಿಯಂ ಕ್ಷಯದಿಂದ ಹರಳಿನೊಳಗೆ ಸೇರಿಕೊಂಡ ಹೀಲಿಯಂ-4 ಕೂಡ ಹೊರಬಂದು ಅನುಪಾತವನ್ನು ತಗ್ಗಿಸಿಬಿಡುತ್ತದೆ.