ಕುರ್ಚಿಯಲ್ಲಿ ಕೂತ ಟೀಚರ್ ಅವರಿಂದ 40 ನಿಮಿಷದ ಬ್ಯಾಲೆ ಇಳಿಸಿಕೊಂಡ ಬಗೆ

84 ದಾಟಿದ ನಮ್ಮ ಟೀಚರ್ ಹಿಂದೆ ಕಟ್ಟಿದ್ದ 40 ನಿಮಿಷದ ಬ್ಯಾಲೆ (ನೃತ್ಯರೂಪಕ) ಮತ್ತೆ ಪೂರ್ತಿಯಾಗಿ ರಂಗಕ್ಕೆ ಬಂತು. 14 ಜನ, ಎಲ್ಲರೂ ಹೊಸಬರು. "ವಿಡಿಯೋ ಇದೆಯಲ್ಲ, ನೋಡಿಕೊಂಡು ಕಲಿತರಾಯ್ತು" ಎಂದವರಿದ್ದರು. "ಅವರೇ ಎದ್ದು ಮಾಡಿ ತೋರಿಸದೆ ಆಗುವ ಕೆಲಸವಲ್ಲ" ಎಂದವರೂ ಇದ್ದರು. ಎರಡೂ ಮಾತು ಸುಳ್ಳಾದವು. ಟೀಚರ್ ಕುರ್ಚಿ ಬಿಟ್ಟು ಏಳಲಿಲ್ಲ, ಹೇಳಿಕೊಡಲೂ ಇಲ್ಲ. ತಿದ್ದಿದರು ಅಷ್ಟೇ. ಆ ತಿದ್ದುಪಡಿಗಳನ್ನು ಒಂದೂ ಬಿಡದೆ ಪುಸ್ತಕದಲ್ಲಿ ಬರೆದಿಟ್ಟುಕೊಂಡೆವು.

ಮೊದಲ ಕೆಲಸ ಧ್ವನಿಯದು. ಕುಣಿತದಿಂದ ಶುರು ಮಾಡಿದರೆ ಎಲ್ಲವನ್ನೂ ಎರಡೆರಡು ಸಲ ಮಾಡಬೇಕಾಗುತ್ತದೆ. ಉಳಿದಿದ್ದದ್ದು ಮೂಲ ಸ್ಪೂಲಿನಿಂದ ಇಳಿಸಿದ್ದ ಕ್ಯಾಸೆಟ್. ಹಳೆ ಕ್ಯಾಸೆಟ್‌ಗಳಲ್ಲಿ ಟೇಪನ್ನು ಸದ್ದು ಓದುವ ಹೆಡ್‌ಗೆ ಒತ್ತುವ ಸ್ಪಂಜು ಪುಡಿಯಾಗಿರುತ್ತದೆ. ಹಾಗೇ ಓಡಿಸಿದರೆ ತಾಳ, ಗೆಜ್ಜೆಗಳ ಚೂಪು ಸದ್ದೇ ಮಾಯ. ಟೇಪನ್ನು ಬಿಚ್ಚಿ ಸ್ಕ್ರೂ ಇರುವ ಬೇರೆ ಕವಚಕ್ಕೆ ಹಾಕಿ, ಹೆಡ್‌ನ ಓರೆಯನ್ನು ಪ್ರತಿ ಬದಿಗೂ ಕಿವಿಯಿಂದಲೇ ಹೊಂದಿಸಿ, 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಒಂದೇ ಸಲಕ್ಕೆ ಇಳಿಸಿಕೊಳ್ಳಿ. ಬೂಷ್ಟು ಹಿಡಿದ ಟೇಪನ್ನು ಒಳ್ಳೆಯ ಡೆಕ್‌ಗೆ ಹಾಕಲೇಬೇಡಿ.

ಇಳಿಸಿದ ಮೇಲೆ ಶ್ರುತಿ ನೋಡಬೇಕು. ಹಾಡಿದವರ ಶ್ರುತಿ ಐದು ಮನೆ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಎಂದು ಅಂದು ನುಡಿಸಿದವರೇ ಹೇಳಿದರು. ಟೇಪಿನಲ್ಲಿ ಐದೂವರೆ ಕೇಳುತ್ತಿತ್ತು. ಅರ್ಧ ಮನೆ ಏರಿದೆ ಎಂದರೆ ವೇಗ ಸುಮಾರು ಶೇ. 6 ಹೆಚ್ಚಿದೆ. 40 ನಿಮಿಷದಲ್ಲಿ ಹತ್ತಿರ ಹತ್ತಿರ ಎರಡೂವರೆ ನಿಮಿಷ! ಆ ವೇಗದಲ್ಲಿ ಅರೆಮಂಡಿಗೆ (ಮಂಡಿ ಹೊರಕ್ಕೆ ಬಗ್ಗಿಸಿ ಅರ್ಧ ಕೂರುವ ಭಂಗಿ) ಪೂರ್ತಿ ಇಳಿಯಲು ಹೊತ್ತೇ ಸಿಗದು. "ಹಿಂದಿನವರು ಹೇಗೆ ಕುಣಿದರೋ" ಎಂದು ಹುಡುಗಿಯರು ಬೆರಗಾಗಿದ್ದೂ ಇದಕ್ಕೇ. ಸರಿಪಡಿಸುವಾಗ ಶ್ರುತಿ, ವೇಗ ಎರಡೂ ಒಟ್ಟಿಗೆ ಇಳಿಯಬೇಕು. ಶ್ರುತಿ ಮಾತ್ರ ಬದಲಿಸುವ ಸೌಲಭ್ಯ ಒತ್ತಿದರೆ ಮೃದಂಗದ ನಡೆ ತಪ್ಪಾಗಿಯೇ ಉಳಿಯುತ್ತದೆ.

ಇನ್ನು ಹಳೆಯ ವಿಎಚ್‌ಎಸ್. ಕ್ಯಾಮೆರಾದವರು ನಾಯಕಿಯ ಹಿಂದೆಯೇ ಓಡಾಡಿರುತ್ತಾರೆ, ಹಿಂದಿನ ಸಾಲು ಚೌಕಟ್ಟಿನಿಂದ ಹೊರಗೆ. ನಾಯಕಿಯ ಪಾತ್ರ ಯಾರಾದರೂ ನೆನಪಿಟ್ಟಿರುತ್ತಾರೆ. ಬ್ಯಾಲೆ ಕಳೆದುಹೋಗುವುದು ಗುಂಪಿನಲ್ಲಿ. ಇದಕ್ಕೆ ಹಳೆಯ ತಂಡದವರನ್ನು ಕರೆಸಬೇಕು, ಆದರೆ ಒಬ್ಬೊಬ್ಬರನ್ನಲ್ಲ. ಕೂರಿಸಿ ಕೇಳಿದರೆ "ಎಡಕ್ಕೆ ಹೋಗುತ್ತಿದ್ದೆ ಅನಿಸುತ್ತೆ" ಎಂಬಷ್ಟೇ ಉತ್ತರ. ಅದರ ಬದಲು ಅಂದು ಅಕ್ಕಪಕ್ಕ ನಿಂತಿದ್ದ ಇಬ್ಬರು ಮೂವರನ್ನು ಅದೇ ಜಾಗದಲ್ಲಿ ನಿಲ್ಲಿಸಿ, ಏನೂ ಕೇಳದೆ ಸಂಗೀತ ಹಾಕಿ. ಮಂಡಿನೋವಿದ್ದವರೂ ತಾಳದ ನಾಲ್ಕನೇ ಸುತ್ತಿನ, ಅಂದರೆ ನಾಲ್ಕನೇ ಆವರ್ತನದ, ಹೊತ್ತಿಗೆ ಸರಿಯಾದ ಕಡೆಗೆ ತಿರುಗಿರುತ್ತಾರೆ.

ರಷ್ಯದಲ್ಲಿ ನೃತ್ಯ ಸಂಯೋಜಕ ಪೆಟಿಪಾ ಅವರ ಬ್ಯಾಲೆಗಳನ್ನು ಕುಣಿತ ಬರೆದಿಡುವ ಸ್ಟೆಪನೋವ್ ಲಿಪಿಯಲ್ಲಿ ಬರೆದಿಟ್ಟರು. ಅಲ್ಲಿನ ಬ್ಯಾಲೆ ತಂಡದ ನಿಕೊಲಾಯ್ ಸೆರ್ಗೆಯೆವ್ ಕ್ರಾಂತಿಯ ನಂತರ ದೇಶದಾಚೆ ಒಯ್ದ ಆ ಹಾಳೆಗಳು ಈಗ ಹಾರ್ವರ್ಡ್‌ನಲ್ಲಿವೆ. ಅವುಗಳಲ್ಲಿ ಎಷ್ಟೋ ಕಡೆ ಕಾಲಿನ ಕೆಲಸ, ನಡೆದಾಡುವ ದಿಕ್ಕು ಇದೆ, ಕೈ ಇಲ್ಲ. ನಮ್ಮಲ್ಲಿ ತಿರುಗುಮುರುಗು. ಹಸ್ತ ಎಲ್ಲರಿಗೂ ನೆನಪಿರುತ್ತದೆ, ಯಾವ ಕಾಲಿನಿಂದ ಹೊರಟರು ಎಂಬುದೇ ಮರೆತಿರುತ್ತದೆ. ಅದಕ್ಕೇ ನಮ್ಮ ಪುಸ್ತಕದಲ್ಲಿ ಪಾದಕ್ಕೆ ಮೊದಲ ಅಂಕಣ.

ಪುಸ್ತಕ ಹೀಗಿದೆ. ಪುಟಕ್ಕೆ ನಾಲ್ಕು ಆವರ್ತನ, ಅದಕ್ಕಿಂತ ಹೆಚ್ಚು ತುರುಕಿದರೆ ತಿದ್ದಲು ಜಾಗವಿರದು. ಎಡಗಡೆ ಸಾಹಿತ್ಯ ಅಥವಾ ಶೊಲ್ಲು (ಕುಣಿತಕ್ಕೆ ಬಾಯಲ್ಲಿ ಹೇಳುವ ತಾಳದ ಅಕ್ಷರಗಳು), ಅದರ ಕೆಳಗೆ ಹೊರಡುವ ಕಾಲು. ನಡುವೆ ರಂಗದ ನಕ್ಷೆ, ಪ್ರೇಕ್ಷಕರು ಪುಟದ ಕೆಳಭಾಗದಲ್ಲಿ, ಎಡ ಬಲ ನರ್ತಕರದ್ದು. ಬಲಗಡೆ ಟೀಚರ್ ಹೇಳಿದ ಮಾತು, ಅವರ ಬಾಯಲ್ಲಿ ಬಂದ ಹಾಗೇ, ಕೆಂಪು ಶಾಯಿಯಲ್ಲಿ, ತಾರೀಖಿನ ಸಮೇತ. "ಅಲ್ಲಿ ಬೇಗ ಬೇಡ, ಅವಳಿಗೆ ಇನ್ನೂ ಗೊತ್ತಾಗಿಲ್ಲ" ಎಂದರೆ ಅದನ್ನು "ನಿಧಾನ" ಎಂದು ಕುಗ್ಗಿಸಬಾರದು. ಮುಂದೆ ಕಲಿಸುವವರಿಗೆ ದಾರಿ ತೋರುವುದು ಆ ಎರಡನೇ ಅರ್ಧ.

ತಿದ್ದಿಸುವ ಕೂಟಕ್ಕೆ ಬೆಳಗಿನ ಹತ್ತರ ಹೊತ್ತು ಒಳ್ಳೆಯದು. ಒಂದು ಕೂಟ ಮುಕ್ಕಾಲು ಗಂಟೆ ಮೀರಬಾರದು. ಕುರ್ಚಿ ನಟ್ಟನಡುವೆ, ಮೊದಲ ಸಾಲಿನಿಂದ ಇಪ್ಪತ್ತು ಅಡಿ ದೂರ. ಪಕ್ಕದಲ್ಲಿ ಕೂರಿಸಿದರೆ ಸಾಲಿನ ಓರೆ ಅವರಿಗೆ ಕಾಣದು. ಕ್ಯಾಮೆರಾ ಮೂರು. ಒಂದು ಎದುರಿಗೆ ಎತ್ತರದಲ್ಲಿ, ಅಲುಗದಂತೆ. ಒಂದು ನರ್ತಕರ ಬೆನ್ನ ಹಿಂದೆ, ಎದುರಿನ ಚಿತ್ರ ನೋಡಿ ಕಲಿತವರು ಎಡ ಬಲ ಅದಲುಬದಲು ಮಾಡುತ್ತಾರೆ ಎಂಬ ಕಾರಣಕ್ಕೆ. ಮೂರನೆಯದು ಪೂರ್ತಿ ಟೀಚರ್ ಮೇಲೆ, ಕಾಲರ್ ಮೈಕ್ ಹಾಕಿ. ಮೂರೂ ಓಡುತ್ತಿರುವಾಗ ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಹೊಂದಿಸುವುದು ಸುಲಭ. ನರ್ತಕರ ಎದೆಗೂ ಬೆನ್ನಿಗೂ ನಂಬರ್.

"ಇಲ್ಲಿ ಏನಿತ್ತು?" ಎಂದು ಕೇಳಿದರೆ ಟೀಚರ್ ಕಥೆ ಹೇಳುತ್ತಾರೆ. ಅನುಮಾನವಿದ್ದ ಜಾಗವನ್ನು ನಮಗೆ ತೋಚಿದಂತೆ ಕಟ್ಟಿ ಮುಂದೆ ಮಾಡಿಸಿದರೆ "ಅಲ್ಲ!" ಎಂದು ಕೈ ಎತ್ತುತ್ತಾರೆ, ಆ ಕೈಯೇ ಉತ್ತರ. ಆ "ಅಲ್ಲ" ಬರುವುದು ತಪ್ಪಾಗಿ ಒಂದೆರಡು ಆವರ್ತನ ಕಳೆದ ಮೇಲೆ. ತಕ್ಷಣ ನಿಲ್ಲಿಸಿದರೆ ಎಳೆ ತಪ್ಪುತ್ತದೆ. ಸಮಯ ಗುರುತಿಟ್ಟುಕೊಂಡು ಭಾಗ ಮುಗಿಸಿ, ಹಿಂದಕ್ಕೆ ಹೋಗಿ ನೋಡಬೇಕು. ಯಾವ ಜಾಗವನ್ನು ಬೇಕೆಂದೇ ತಪ್ಪಾಗಿ ಮಾಡಿಸಬೇಕು, ಎಷ್ಟು ತಪ್ಪಿರಬೇಕು ಎಂಬುದಕ್ಕೆ ಒಂದು ಹದವಿದೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ನಮ್ಮ ಜೊತೆ ಕೆಲಸ ಮಾಡುವವರಿಗೆ ತೋರಿಸುತ್ತೇವೆ.

ನಡುವೆ ತೆರೆಯ ಮೇಲೆ ಕುಣಿಸುವ ಕಂಪ್ಯೂಟರ್ ಬೊಂಬೆಯನ್ನೂ ಪ್ರಯತ್ನಿಸಿದೆವು. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಸಂಧಿವಾತದಿಂದ ಮೈ ಬಗ್ಗದಾದಾಗಲೂ ಇಂಥ ಬೊಂಬೆ ಕುಣಿಸುವ ಲೈಫ್‌ಫಾರ್ಮ್ಸ್ ತಂತ್ರಾಂಶದಲ್ಲಿ ಹೊಸ ಕೃತಿ ಕಟ್ಟುತ್ತಿದ್ದರು. 90 ತುಂಬಿದ 2009ರಲ್ಲೂ ಹೊಸದೊಂದು ರಂಗಕ್ಕೆ ಬಂತು. ನಮಗೆ ಅದು ಸಾಲು ಬದಲಾವಣೆ ತೋರಿಸುವಷ್ಟಕ್ಕೆ ಒದಗಿತು. ಅರೆಮಂಡಿಯಲ್ಲಿ ಬೊಂಬೆಯ ಮಂಡಿ ಮುಂದಕ್ಕೆ ಬರುತ್ತಿತ್ತು, ಪಾದ ತಟ್ಟುವಾಗಿನ ತೂಕ ಕಾಣುತ್ತಿರಲಿಲ್ಲ. ಟೀಚರ್ ಮೂರು ಪಾತ್ರಕ್ಕೆ ಬಣ್ಣದ ಬಳೆ ಇಟ್ಟು ಮೇಜಿನ ಮೇಲೆ ಸರಿಸಿ ತೋರಿಸಿದ್ದೇ ಅದಕ್ಕಿಂತ ಚೆನ್ನಾಗಿ ಅರ್ಥವಾಯಿತು.

ದೊಡ್ಡ ತಲೆನೋವು ಬ್ಯಾಲೆಯ ಯಾವ ರೂಪ ಸರಿ ಎಂಬುದು. ಟೀಚರ್ ಈಗಲೂ ಬದಲಿಸುತ್ತಲೇ ಇದ್ದಾರೆ. ನೃತ್ಯ ಸಂಯೋಜಕ ಬಾಲಂಚೀನ್ ತಮ್ಮ 1928ರ ಬ್ಯಾಲೆ 'ಅಪೋಲೊ'ದ ಜನನದ ದೃಶ್ಯವನ್ನು 1979ರಲ್ಲಿ ಕಿತ್ತುಹಾಕಿದರು. ಇಂದಿಗೂ ಕೆಲವು ತಂಡಗಳು ಅದನ್ನು ಸೇರಿಸಿ ಆಡುತ್ತವೆ, ಕೆಲವು ಬಿಟ್ಟು. ನಾವು ಹಳೆಯದನ್ನು ಅಳಿಸಲಿಲ್ಲ. ಪುಟಕ್ಕೆ ಪಾರದರ್ಶಕ ಹಾಳೆ ಅಂಟಿಸಿ ಹೊಸದನ್ನು ಅದರ ಮೇಲೆ ಬರೆದೆವು. ಮಂಡಿನೋವಿನ ದಿನ ಕೊಟ್ಟ ಸುಲಭದ ಹೆಜ್ಜೆ ಯಾವುದು, ನಿಜಕ್ಕೂ ಮನಸ್ಸು ಬದಲಾದದ್ದು ಯಾವುದು ಎಂದು ಬೇರೆ ದಿನ ಮತ್ತೆ ಕೇಳಿ ಖಚಿತ ಮಾಡಿಕೊಂಡೆವು.

ರಂಗ ಚಿಕ್ಕದಾದರೆ ಸಾಲುಗಳ ನಡುವಿನ ಅಂತರ ನಾಲ್ಕಡಿಗೆ ಇಳಿಸಬಹುದು. ಅಕ್ಕಪಕ್ಕ ಐದಡಿಗಿಂತ ಕಡಿಮೆಯಾದರೆ ನಾಟ್ಯಾರಂಭದಲ್ಲಿ (ಕೈಗಳನ್ನು ಅಗಲಕ್ಕೆ ಚಾಚುವ ಭಂಗಿ) ಕೈ ಕೈ ತಾಗುತ್ತದೆ, ಆಗ ಹಿಂದಿನ ಸಾಲನ್ನು ಸಂದಿಗೆ ನಿಲ್ಲಿಸಿ.

ಖರ್ಚು, ನೆನಪಿನಿಂದ: ಧ್ವನಿಗೆ 18 ಸಾವಿರ, ಕ್ಯಾಮೆರಾಗೆ 45, ಹಾಲ್ ಬಾಡಿಗೆ 70ರ ಹತ್ತಿರ, ಹಳಬರ ಓಡಾಟ, ಊಟಕ್ಕೆ 60, ಅಂದಿನ ವಾದ್ಯದವರಿಗೆ 40, ಉಡುಪಿಗೆ ಲಕ್ಷದ ಇಪ್ಪತ್ತು ಸಾವಿರ, ರಂಗ ಮತ್ತು ಬೆಳಕಿಗೆ 60. ಒಟ್ಟು ನಾಲ್ಕು ಲಕ್ಷದ ಮೇಲೆ. ಪ್ರದರ್ಶನಕ್ಕೆ ಹಣ ಕೊಡುವವರು ಸಿಗುತ್ತಾರೆ, ಅಭ್ಯಾಸ ಬರೆದಿಡಲು ಕೊಡುವವರಿಲ್ಲ. ಅರ್ಧಕ್ಕಿಂತ ಹೆಚ್ಚು ಕೈಯಿಂದಲೇ ಹೋಯಿತು. ಉಡುಪಿನಲ್ಲಿ ಉಳಿಸಬಹುದಿತ್ತು ಎನ್ನುವವರಿಗೆ ಒಂದು ಮಾತು: ಸೀರೆಯ ತೂಕ ಬದಲಾದರೆ ಸುತ್ತಿನ ವೇಗವೂ ಬದಲಾಗುತ್ತದೆ.

ಹಕ್ಕಿನ ಕಾಗದ ಕೊನೆಗೆ ಎಂದು ಬಿಡಬೇಡಿ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ನೃತ್ಯ ಸಂಯೋಜನೆ ನಾಟಕ ಕೃತಿಯ ಲೆಕ್ಕಕ್ಕೆ ಬರುತ್ತದೆ, ಬರಹದಲ್ಲೋ ಬೇರೆ ರೀತಿಯಲ್ಲೋ ಅದು ದಾಖಲಾಗಿರಬೇಕು. ಸಿನಿಮಾ ಚಿತ್ರಣವನ್ನು ಅದೇ ವ್ಯಾಖ್ಯೆ ಹೊರಗಿಡುತ್ತದೆ. ವಿಡಿಯೋ ಒಂದನ್ನೇ ನಂಬದೆ ಪುಸ್ತಕ ಬರೆದದ್ದಕ್ಕೆ ಇದೂ ಕಾರಣ. ಹಕ್ಕು ಕರ್ತೃ ತೀರಿಕೊಂಡ ನಂತರ 60 ವರ್ಷ ಇರುತ್ತದೆ. ಶಿವರಾಮ ಕಾರಂತರು ಉಯಿಲು ಬರೆದಿಟ್ಟಿದ್ದರೂ ಅವರ ಯಕ್ಷಗಾನ ಬ್ಯಾಲೆಗಳ ಹಕ್ಕಿನ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಪಾಯಿತು. ನಮ್ಮ ಪುಸ್ತಕದ ಪ್ರತಿ ಪುಟದಲ್ಲೂ ಟೀಚರ್ ಸಹಿ ಇದೆ. ಯಾರು ಕಲಿಸಬಹುದು, ಯಾವ ಭಾಗ ಕತ್ತರಿಸಬಾರದು, ಧ್ವನಿಮುದ್ರಣದವರ ಪಾಲೆಷ್ಟು ಎಂಬುದನ್ನು ಬೇರೆ ಕರಾರಿನಲ್ಲಿ ಬರೆಸಿದ್ದೇವೆ. ಮೂರನೇ ದೃಶ್ಯದ ಪ್ರವೇಶ ಮಾತ್ರ ಕರಾರಿನಲ್ಲಿ ಖಾಲಿ ಇದೆ. ಅದನ್ನು ಟೀಚರ್ ಈಗ ಖಂಡ ನಡೆಗೆ (ಐದೈದು ಎಣಿಕೆಯ ನಡೆ) ಬದಲಿಸುತ್ತಿದ್ದಾರೆ.